ವಾರಾನ್ನದಿಂದ ವಿದ್ಯಾಸಿರಿಗೆ

1880ರ ದಶಕದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಯ ಹುಡುಗನೊಬ್ಬ ಮೆಟ್ರಿಕ್ ಪಾಸಾಗಿ ಬಿ.ಎ. ಓದುವ ಆಸೆ ಇಟ್ಟುಕೊಂಡರೆ ಕೊಲ್ಹಾಪುರಕ್ಕೋ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಒಂದೂ ಪದವಿ ಕಾಲೇಜು ಇರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ಬಾಗಿಲು ತೆರೆದದ್ದು 1917ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು ಇದ್ದವು. ಪರೀಕ್ಷೆ ಮಾತ್ರ ಮದರಾಸು ವಿಶ್ವವಿದ್ಯಾಲಯದ್ದು. ಎಲ್ಲಿಗೆ ಹೋದರೂ ಹಳ್ಳಿಯ ಹುಡುಗನಿಗೆ ಆ ಊರು ಪರಸ್ಥಳವೇ. ಹೊಲ ಇದ್ದರೂ ಕೈಯಲ್ಲಿ ರೊಕ್ಕ ಇಲ್ಲದ ಅಪ್ಪ ಸುಗ್ಗಿಯಲ್ಲಿ ಕಾಳು ಮಾರಿ ಹೇಗೋ ಫೀ ಹೊಂದಿಸಿಯಾನು. ದಿನಕ್ಕೆ ಎರಡು ಹೊತ್ತಿನ ಊಟ, ರಾತ್ರಿ ಮಲಗಲು ಒಂದು ಮೂಲೆ, ದೀಪಕ್ಕೆ ಎಣ್ಣೆ, ಇವನ್ನು ವರ್ಷಗಟ್ಟಲೆ ಹೊಂದಿಸುವುದು ಅವನ ಕೈಮೀರಿದ ಮಾತು.

ಹಿಂದುಳಿದವರ, ದಲಿತರ ಉನ್ನತ ಶಿಕ್ಷಣದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸರ್ಕಾರಿ ಆದೇಶ, ಆಯೋಗದ ವರದಿ, ಕೋರ್ಟಿನ ತೀರ್ಪುಗಳ ಸಾಲಾಗಿ ಓದುತ್ತೇವೆ. ಅವೆಲ್ಲ ಮುಖ್ಯವೇ, ಈ ಲೇಖನದಲ್ಲೂ ಬರುತ್ತವೆ. ಆದರೆ ಆ ಚರಿತ್ರೆಯನ್ನು ಅಡುಗೆಮನೆಯ ಕಡೆಯಿಂದ ನೋಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಕಾಲೇಜಿನ ಬಾಗಿಲು ತೆರೆದ ಮೇಲೂ ಸಾವಿರಾರು ಮಕ್ಕಳು ಒಳಗೆ ಕಾಲಿಡಲಾಗಲಿಲ್ಲ. ಕಾಲಿಟ್ಟವರಲ್ಲಿ ಉಳಿದುಕೊಂಡವರು ಉಳಿದದ್ದು ಯಾರೋ ಅನ್ನ ಹಾಕಿದ್ದರಿಂದ, ನೆರಳು ಕೊಟ್ಟಿದ್ದರಿಂದ.

ಹಳೆಯ ಏರ್ಪಾಡಿಗೆ ನಮ್ಮಲ್ಲಿ ವಾರಾನ್ನ ಎಂಬ ಹೆಸರಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಹುಡುಗ ಓದು ಮುಗಿಸುತ್ತಿದ್ದ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಕೆಲವು ಮನೆಗಳಲ್ಲಿ ತಾಯಿಯಂಥ ಹೆಂಗಸರು ಬಡಿಸುತ್ತಿದ್ದರು, ಕೆಲವು ಕಡೆ ಜಗಲಿಯ ಮೇಲೆ ಎಲೆ ಹಾಕುತ್ತಿದ್ದರು. ಆ ಉಪಕಾರ ದೊಡ್ಡದು, ಅದನ್ನು ಕಡಿಮೆಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ವಾರಾನ್ನ ನಡೆಯುತ್ತಿದ್ದುದು ಜಾತಿಯ ಗೆರೆಯೊಳಗೆ. ಪೇಟೆಯಲ್ಲಿ ತನ್ನವರ ಮನೆಗಳು ಇದ್ದವನಿಗೆ, ಆ ಮನೆಗಳ ಪಂಕ್ತಿಯಲ್ಲಿ ಕೂರಬಲ್ಲವನಿಗೆ ಮಾತ್ರ ಅದು ಸಿಗುತ್ತಿತ್ತು. ಕಾಲೇಜಿದ್ದ ಊರುಗಳಲ್ಲಿ ಗುಮಾಸ್ತರ, ವಕೀಲರ, ಮೇಷ್ಟರ ಮನೆಗಳು ಬಹುಪಾಲು ಬ್ರಾಹ್ಮಣರವು. ಒಕ್ಕಲಿಗರ, ಕುರುಬರ, ಬೇಡರ ಹುಡುಗನಿಗೆ ಅಲ್ಲಿ ನೆಂಟರೇ ಇರಲಿಲ್ಲ. ಹೊಲೆಯರ, ಮಾದಿಗರ ಹುಡುಗನಿಗೆ ಜಗಲಿಯೂ ದೂರ.

ಸರ್ ಎಂ. ವಿಶ್ವೇಶ್ವರಯ್ಯನವರ ಬಾಲ್ಯವನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಮುದ್ದೇನಹಳ್ಳಿಯ ಹುಡುಗ ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಪಡೆದ. ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚಿಗೆ ದಾರಿ ಮಾಡಿಕೊಂಡ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವನನ್ನು ಪುಣೆಯ ಸೈನ್ಸ್ ಕಾಲೇಜಿಗೆ ಕರೆದೊಯ್ದು ಎಂಜಿನಿಯರ್ ಮಾಡಿತು. ಬಡತನವನ್ನು ಗೆದ್ದ ಆ ಪರಿಶ್ರಮಕ್ಕೆ ತಲೆಬಾಗಲೇಬೇಕು. ಮಾವನ ಮನೆ, ಪಾಠದ ಮನೆ, ಸರ್ಕಾರದ ಹಣ, ಈ ಮೂರೂ ಒಟ್ಟಿಗೆ ಸಿಕ್ಕದ್ದರಿಂದ ಆ ಪರಿಶ್ರಮ ಫಲಿಸಿತು ಎಂಬುದನ್ನೂ ಮರೆಯಬಾರದು.

ಪೇಟೆಯಲ್ಲಿ ತಮ್ಮವರ ಮನೆಗಳಿಲ್ಲದ ಸಮುದಾಯಗಳು ಏನು ಮಾಡಿದವು? ಮೊದಲ ಗಟ್ಟಿ ಉತ್ತರಗಳಲ್ಲೊಂದು ಧಾರವಾಡದಿಂದ ಬಂತು. 1883ರಲ್ಲಿ ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ ಮೊದಲಾದವರು ಸೇರಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದರು. ಅದರ ಕೆಲಸ ಸರಳವಾಗಿತ್ತು: ಉಳ್ಳವರಿಂದ ಹಣ ಕೂಡಿಸಿ ನಿಧಿ ಮಾಡುವುದು, ಓದುವ ಹುಡುಗರಿಗೆ ಅದರಿಂದ ವಿದ್ಯಾರ್ಥಿವೇತನ ಕೊಡುವುದು. ಆ ಕಾಲದ ಲಿಂಗಾಯತ ಒಕ್ಕಲು ಮನೆಗಳಲ್ಲಿ ಕಾಲೇಜು ಓದು ಎಂಬುದು ಕೇಳಿ ಗೊತ್ತಿದ್ದ ಸಂಗತಿ ಅಷ್ಟೇ. ಅಂಥ ಮನೆಗಳ ಮಕ್ಕಳು ಪುಣೆಯಲ್ಲಿ ಓದಿ ಬಂದು, ಸರ್ಕಾರಿ ನೌಕರಿಯ ಆಸೆ ಬಿಟ್ಟು, 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದೇ ಮುಂದೆ ಕೆ.ಎಲ್.ಇ. ಎಂದು ಬೆಳೆಯಿತು.

ಈ ಕಥೆಯಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ನಿಲ್ಲುವವರು ಸಿರಸಂಗಿಯ ಲಿಂಗರಾಜ ದೇಸಾಯಿಯವರು. 1906ರಲ್ಲಿ ತೀರಿಕೊಳ್ಳುವ ಮುನ್ನ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. ದೇಸಗತಿ ಮನೆತನವೊಂದು ಭೂಮಿಯನ್ನು ದತ್ತಕಕ್ಕೂ ದಾಯಾದಿಗೂ ಬಿಡದೆ ಗುರುತು ಪರಿಚಯವಿಲ್ಲದ ಮುಂದಿನ ತಲೆಮಾರಿನ ಹುಡುಗರಿಗೆ ಬಿಡುವುದೆಂದರೆ ಆ ಕಾಲದಲ್ಲಿ ಊಹೆಗೂ ಮೀರಿದ ಕೆಲಸ. ಆ ಹೊಲಗಳ ಉತ್ಪನ್ನ ದಶಕಗಳ ಕಾಲ ಕಾಲೇಜು ಶುಲ್ಕವಾಗಿ, ಪುಸ್ತಕವಾಗಿ, ಊಟದ ಹಣವಾಗಿ ಹರಿಯಿತು. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ತೆರೆದ ಕಾಲೇಜಿಗೆ ಲಿಂಗರಾಜ ಕಾಲೇಜು ಎಂದೇ ಹೆಸರಿಟ್ಟರು.

ಬೆಳಗಾವಿಯ ನೆರೆಯ ಕೊಲ್ಹಾಪುರದಲ್ಲಿ ಅದೇ ಹೊತ್ತಿಗೆ ಒಬ್ಬ ದೊರೆ ಊಟದ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿದ್ದ. ಶಾಹು ಮಹಾರಾಜರು 1896ರಲ್ಲಿ ರಾಜಾರಾಮ ಕಾಲೇಜಿಗೆ ಸೇರಿದಂತೆ ಎಲ್ಲ ಜಾತಿಯವರಿಗೂ ಎಂದು ಒಂದು ವಿದ್ಯಾರ್ಥಿನಿಲಯ ತೆರೆದರು. ಎಲ್ಲರಿಗೂ ಎಂದು ತೆರೆದ ನಿಲಯದ ಪ್ರಯೋಜನ ಬ್ರಾಹ್ಮಣ ಹುಡುಗರಿಗಷ್ಟೇ ಸಿಕ್ಕಿತು. ಅಡುಗೆಮನೆಗೂ ಪಂಕ್ತಿಗೂ ಇದ್ದ ನಿರ್ಬಂಧ ಅಷ್ಟು ಬಿಗಿ. ಆ ಅನುಭವದಿಂದ ಕಲಿತ ಶಾಹು 1901ರಿಂದ ಮರಾಠರಿಗೆ, ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ, ಹೀಗೆ ಒಂದೊಂದು ಸಮುದಾಯಕ್ಕೂ ಬೇರೆ ಬೇರೆ ಬೋರ್ಡಿಂಗು ತೆರೆಯಲು ನೆರವಾದರು. ಜಾಗ ಕೊಟ್ಟರು, ವಾರ್ಷಿಕ ಅನುದಾನ ಕೊಟ್ಟರು. 1908ರಲ್ಲಿ ಅಸ್ಪೃಶ್ಯ ಮಕ್ಕಳಿಗೆ ಮಿಸ್ ಕ್ಲಾರ್ಕ್ ಹೆಸರಿನ ಬೋರ್ಡಿಂಗು ಬಂತು. 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಟ್ಟ ಶಾಹು ಆದೇಶ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಆದೇಶಕ್ಕೆ ಮುಂಚೆಯೇ ಬೋರ್ಡಿಂಗು ಬಂದಿತ್ತೆಂಬುದರ ಮೇಲೆ ನಮ್ಮ ಕಣ್ಣು ಬೀಳುವುದು ಕಡಿಮೆ. ನೌಕರಿ ಮೀಸಲಿಟ್ಟರೆ ಸಾಲದು, ಆ ನೌಕರಿಗೆ ಬೇಕಾದ ಓದನ್ನು ಮುಗಿಸುವ ತನಕ ಹುಡುಗನನ್ನು ಸಾಕಬೇಕು ಎಂಬುದು ಆ ದೊರೆಗೆ ಅರ್ಥವಾಗಿತ್ತು.

ಜಾತಿಗೊಂದು ಬೋರ್ಡಿಂಗು ಮಾಡಿ ಶಾಹು ಜಾತಿಯನ್ನೇ ಗಟ್ಟಿ ಮಾಡಿದರಲ್ಲವೇ ಎಂದು ಕೇಳುವವರಿದ್ದಾರೆ. ಇದು ಹಗುರ ಪ್ರಶ್ನೆಯಲ್ಲ. ಅದಕ್ಕೆ ಅದೇ ಕೊಲ್ಹಾಪುರದಲ್ಲಿ ನಡೆದ ಒಂದು ಘಟನೆಯನ್ನು ನೋಡಬೇಕು. ಜೈನ ಬೋರ್ಡಿಂಗಿನಲ್ಲಿದ್ದ ಭಾವುರಾವ್ ಪಾಟೀಲ ಎಂಬ ಹುಡುಗ ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದ. ಸ್ನಾನ ಮಾಡಿ ಶುದ್ಧನಾದ ಮೇಲೆ ಊಟಕ್ಕೆ ಬಾ ಎಂದರು. ಅವನು ಒಪ್ಪಲಿಲ್ಲ, ಬೋರ್ಡಿಂಗಿನಿಂದ ಹೊರಬಿದ್ದ. ಅದೇ ಹುಡುಗ ಮುಂದೆ ಕರ್ಮವೀರ ಎನಿಸಿಕೊಂಡು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದ. 1924ರಲ್ಲಿ ಸಾತಾರದಲ್ಲಿ ಅವನು ತೆರೆದ ನಿಲಯದಲ್ಲಿ ಮಹಾರ, ಮಾಂಗ, ಮರಾಠ, ಜೈನ ಎಲ್ಲ ಮಕ್ಕಳೂ ಒಂದೇ ಒಲೆಯ ಅಡುಗೆ ಉಂಡರು. 1927ರಲ್ಲಿ ಗಾಂಧೀಜಿ ಅದನ್ನು ನೋಡಲು ಹೋಗಿದ್ದರು. ಅಂದರೆ ಜಾತಿಯ ಬೋರ್ಡಿಂಗುಗಳೇ ಜಾತಿ ಮೀರಿದ ನಿಲಯ ಕಟ್ಟುವವನನ್ನೂ ಬೆಳೆಸಿದವು. ಬೆಳೆಸಿದ್ದು ಅನ್ನ ಹಾಕಿ, ಆಮೇಲೆ ಹೊರಗೆ ಹಾಕಿ. ಅಡುಗೆಮನೆಯ ಬಾಗಿಲು ಮುಚ್ಚಿದ್ದವರು ಮೊದಲು ಅದನ್ನು ತೆರೆದಿದ್ದರೆ ಜಾತಿಗೊಂದು ಒಲೆ ಹೂಡುವ ಅಗತ್ಯ ಬೀಳುತ್ತಿರಲಿಲ್ಲ. ದೋಷವನ್ನು ಹೊರಿಸುವುದಾದರೆ ಅಲ್ಲಿ ಹೊರಿಸಬೇಕು.

1917ಕ್ಕೆ ಬರೋಣ. ಕರ್ನಾಟಕ ಕಾಲೇಜು ಶುರುವಾದ ಅದೇ ವರ್ಷ ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ಹುಡುಗರಿಗೆ ಉಚಿತ ಪ್ರಸಾದನಿಲಯ ತೆರೆದರು. ಅದೇ ವರ್ಷ ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ಪಾಠಶಾಲೆಗೆ ಅಡಿಗಲ್ಲಿಟ್ಟರು. ಬೆಂಗಳೂರಿನಲ್ಲಿ 1906ರಲ್ಲೇ ಹುಟ್ಟಿದ್ದ ಒಕ್ಕಲಿಗರ ಸಂಘ ತನ್ನವರ ಮಕ್ಕಳಿಗೆ ವಿದ್ಯಾರ್ಥಿನಿಲಯ ನಡೆಸತೊಡಗಿತ್ತು. ಗುಬ್ಬಿ ತೋಟದಪ್ಪನವರ ದತ್ತಿ ಯಾತ್ರಿಕರಿಗೆ ಛತ್ರವನ್ನೂ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಕೊಟ್ಟಿತು. 1927ರಲ್ಲಿ ಸೆಂಟ್ರಲ್ ಕಾಲೇಜಿಗೆ ಓದಲು ಬಂದ ಮಾಗಡಿ ಸೀಮೆಯ ವೀರಾಪುರದ ಯುವಕನೊಬ್ಬ ಆ ತೋಟದಪ್ಪ ನಿಲಯದಲ್ಲಿದ್ದ. 1930ರಲ್ಲಿ ಸನ್ಯಾಸ ಪಡೆದ ಆ ಯುವಕನೇ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು. ಮುಂದೆ ಎಂಟು ದಶಕಗಳಿಗೂ ಮೀರಿ ಅವರು ಎಲ್ಲ ಜಾತಿಯ ಮಕ್ಕಳಿಗೂ ಅನ್ನ, ಅಕ್ಷರ ಕೊಟ್ಟರು. ಒಂದೇ ಹೊತ್ತಿಗೆ ಸಾವಿರಾರು ಮಕ್ಕಳು ಅಲ್ಲಿ ಊಟಕ್ಕೆ ಕೂರುತ್ತಿದ್ದರು. ಉಚಿತ ನಿಲಯದಲ್ಲಿ ಉಂಡು ಓದಿದವರು ತಿರುಗಿ ಉಚಿತ ನಿಲಯ ನಡೆಸಿದರು. ಮೈಸೂರಿನಲ್ಲಿ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1940ರ ದಶಕದ ಆರಂಭದಲ್ಲಿ ವಿದ್ಯಾರ್ಥಿನಿಲಯದಿಂದಲೇ ಕೆಲಸ ಶುರುಮಾಡಿದ್ದು, ಕಾಲೇಜುಗಳೆಲ್ಲ ಆಮೇಲೆ ಬಂದವು. ಮಠಗಳಿಗೆ ಇದು ಹೊಸ ವಿದ್ಯೆಯಲ್ಲ, ದಾಸೋಹ ಅವರಿಗೆ ಗೊತ್ತಿದ್ದದ್ದೇ. ಯಾತ್ರಿಕನಿಗೆ ಬಡಿಸುತ್ತಿದ್ದ ಅನ್ನವನ್ನು ವಿದ್ಯಾರ್ಥಿಗೆ ಬಡಿಸಿದ್ದು ಹೊಸತು. ಹಳ್ಳಿ ಹಳ್ಳಿ ತಿರುಗಿ, ಕಾಳುಕಡಿ ಕೂಡಿಸಿ, ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಆ ಒಲೆಗಳನ್ನು ಉರಿಸಿದರು. ಒಂದು ಸೇರು ಜೋಳ ಕೊಟ್ಟ ರೈತನ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ. ಆದರೂ ಆ ಅನ್ನ ಉಂಡು ಓದಿದ ಪದವೀಧರರ ಮೇಲೆ ಅವನ ಋಣ ಇದೆ.

ಈ ಪ್ರಸಾದನಿಲಯಗಳಲ್ಲಿ ಹುಡುಗಿಯರು ಇರಲಿಲ್ಲ. ಹೆಣ್ಣುಮಕ್ಕಳ ಕಾಲೇಜು ಓದು ಪೇಟೆಯ ಕೆಲವೇ ಮನೆಗಳ ಮಾತಾಗಿ ಇನ್ನೂ ಬಹುಕಾಲ ಉಳಿಯಿತು. ಬಡ ಹಳ್ಳಿಯ ಹೆಣ್ಣುಮಗಳಿಗೆ ಪರ ಊರಿನಲ್ಲಿ ಇರಲು ಭದ್ರ ಜಾಗ ಸಿಕ್ಕದ್ದು ಅವಳ ಅಣ್ಣನಿಗೆ ಸಿಕ್ಕ ಎರಡು ತಲೆಮಾರಿನ ನಂತರ.

ಮೈಸೂರು ಸಂಸ್ಥಾನದಲ್ಲಿ ಇದೇ ವರ್ಷಗಳಲ್ಲಿ ಪ್ರಶ್ನೆ ಅರಮನೆಯ ತನಕ ಹೋಯಿತು. 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮರುವರ್ಷ ಬ್ರಾಹ್ಮಣೇತರ ಮುಖಂಡರು ಪ್ರಜಾಮಿತ್ರ ಮಂಡಳಿ ಕಟ್ಟಿದರು. 1918ರಲ್ಲಿ ಅವರ ನಿಯೋಗ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ನೌಕರಿಯಲ್ಲಿ, ವಿದ್ಯೆಯಲ್ಲಿ ತಮ್ಮ ಪಾಲು ಕೇಳಿತು. ಮಹಾರಾಜರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ, ಹುದ್ದೆ ಬಿಟ್ಟರು. ಅವರ ವಾದ ಶಿಕ್ಷಣವನ್ನು ಎಲ್ಲರಿಗೂ ಹಬ್ಬಿಸಿದರೆ ಅರ್ಹತೆ ತಾನಾಗಿ ಬೆಳೆಯುತ್ತದೆ ಎಂಬುದು. ಶಾಲೆಗಳನ್ನು ಹೆಚ್ಚಿಸಲು ಅವರಷ್ಟು ದುಡಿದ ದಿವಾನರು ಕಡಿಮೆ, ಹಾಗಾಗಿ ಆ ವಾದದ ಹಿಂದಿನ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ತಮಗೆ ಸಿಕ್ಕ ಮಾವನ ಮನೆಯಾಗಲಿ ಪಾಠದ ಮನೆಯಾಗಲಿ ಬಹುಪಾಲು ಪ್ರಜೆಗಳ ಮಕ್ಕಳಿಗೆ ಇಲ್ಲ ಎಂಬ ಸಂಗತಿಗೆ ಆ ವಾದದಲ್ಲಿ ತಕ್ಕಷ್ಟು ಜಾಗ ಇರಲಿಲ್ಲ ಎಂದು ನನಗೆ ತೋರುತ್ತದೆ.

ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟನ್ನು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲನ್ನು ಬ್ರಾಹ್ಮಣೇತರರಿಗೆ ಕೊಡಬೇಕೆಂದಿತು. ಅದರ ಜೊತೆಗೇ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಮಾತನ್ನೂ ಆಡಿತು. 1921ರಲ್ಲಿ ಸರ್ಕಾರ ಮುಖ್ಯ ಶಿಫಾರಸುಗಳನ್ನು ಒಪ್ಪಿತು. ಹುದ್ದೆಯ ಲೆಕ್ಕ ಪತ್ರಿಕೆಗಳಲ್ಲಿ ಗದ್ದಲ ಎಬ್ಬಿಸಿತು, ಚರಿತ್ರೆಯಲ್ಲಿ ಹೆಸರಾಯಿತು. ಹಳ್ಳಿಯಿಂದ ಬಂದ ಹುಡುಗರ ಬದುಕನ್ನು ಬದಲಿಸಿದ್ದು ಸದ್ದಿಲ್ಲದೆ ಬಂದ ಎರಡನೆಯ ಭಾಗ.

ಇಷ್ಟರವರೆಗಿನ ಕಥೆಯಲ್ಲಿ ದಲಿತ ಮಕ್ಕಳು ಎಲ್ಲೋ ಅಂಚಿನಲ್ಲಿದ್ದಾರೆ, ಏಕೆಂದರೆ ಇದ್ದದ್ದೂ ಹಾಗೆಯೇ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲಿ ಆ ಮಕ್ಕಳಿಗೆ ಶಾಲೆ ತೆರೆದರು, ಆಮೇಲೆ ಇರಲು ನಿಲಯವನ್ನೂ ಕಟ್ಟಿದರು. ತಮ್ಮ ಸಾರಸ್ವತ ಸಮುದಾಯದ ಬಹಿಷ್ಕಾರವನ್ನು ಸಹಿಸಿದರು. ತಮ್ಮ ಶಾಲೆಯ ಹುಡುಗನೊಬ್ಬ ದೊಡ್ಡ ಅಧಿಕಾರಿಯಾಗಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಯ ಮೇಲೆ ಬೀಳಬೇಕು ಎಂದು ಅವರು ಬಯಸುತ್ತಿದ್ದರಂತೆ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂಧೆ 1906ರಲ್ಲಿ ಮುಂಬೈಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುಮಾಡಿದರು, ಅದರ ಕೆಲಸ ಹುಬ್ಬಳ್ಳಿಯ ತನಕ ಹಬ್ಬಿತು.

ಹಣ ಸಿಕ್ಕರೂ ಸೂರು ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಬಾಬಾಸಾಹೇಬ್ ಅಂಬೇಡ್ಕರರ ಬದುಕಿಗಿಂತ ಸ್ಪಷ್ಟವಾಗಿ ಹೇಳುವ ಸಾಕ್ಷ್ಯ ಬೇರೆ ಇಲ್ಲ. ಬರೋಡಾದ ಗಾಯಕವಾಡರು ಎಲ್ಫಿನ್‌ಸ್ಟನ್ ಕಾಲೇಜಿನ ಓದಿಗೆ ತಿಂಗಳಿಗೆ 25 ರೂಪಾಯಿ ಕೊಟ್ಟರು. 1913ರಲ್ಲಿ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಓದಿಗೆ ಬದಲಾಗಿ ಹತ್ತು ವರ್ಷ ಬರೋಡಾದಲ್ಲಿ ಕೆಲಸ ಮಾಡುವ ಕರಾರು. 1917ರಲ್ಲಿ ಅವರು ಆ ಕರಾರಿನಂತೆ ಬರೋಡಾಕ್ಕೆ ಹೋದಾಗ ಇಡೀ ಊರಿನಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಸೇರಿಕೊಂಡರು. ಗುರುತು ಹತ್ತಿದ ಮೇಲೆ ಕೋಲು ಹಿಡಿದ ಗುಂಪು ಬಂದು ಅವರನ್ನು ಹೊರಗಟ್ಟಿತು. ಅಮೆರಿಕದಲ್ಲಿ ಓದಿದ ಅರ್ಥಶಾಸ್ತ್ರಜ್ಞನಿಗೆ ಸ್ವದೇಶದಲ್ಲಿ ತಲೆ ಇಡಲು ಜಾಗವಿರಲಿಲ್ಲ.

ಆ ಅವಮಾನ ಉಂಡವರಾದ್ದರಿಂದಲೇ ಅಂಬೇಡ್ಕರರ ಸಾರ್ವಜನಿಕ ಕೆಲಸದ ಮೊದಲ ಸಾಲಿನಲ್ಲಿ ವಿದ್ಯಾರ್ಥಿನಿಲಯಗಳಿದ್ದವು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮರುವರ್ಷವೇ ಸೊಲ್ಲಾಪುರದಲ್ಲಿ ಅದರ ನಿಲಯ ಶುರುವಾಯಿತು. ದಶಕದ ಕೊನೆಗೆ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಸರ್ಕಾರದ ನೆರವಿನಿಂದ ನಡೆಸಿದ ನಿಲಯಗಳಲ್ಲಿ ಒಂದು ನಮ್ಮ ಧಾರವಾಡದ್ದು. ಕೊಪ್ಪದಕೇರಿಯ ಬುದ್ಧ ರಖ್ಖಿತ ವಸತಿ ಶಾಲೆ ಎಂದು ಇವತ್ತಿಗೂ ಊರವರು ಗುರುತಿಸುವುದು ಅದನ್ನೇ. 1929ರಲ್ಲಿ ಅಂಬೇಡ್ಕರರು ಧಾರವಾಡಕ್ಕೆ ಬಂದಿದ್ದರು. ನಿಲಯದ ಹೊಣೆ ಹೊತ್ತಿದ್ದ ಬಳವಂತರಾವ್ ವರಾಳೆ ಅವರ ಆಪ್ತ ಅನುಯಾಯಿ. ಮುರುಘಾಮಠ, ಕರ್ನಾಟಕ ಕಾಲೇಜು, ಕೊಪ್ಪದಕೇರಿ ಒಂದೇ ಊರಿನಲ್ಲಿ, ಸುಮಾರು ಒಂದು ದಶಕದ ಅಂತರದಲ್ಲಿ ಎದ್ದವು. ಧಾರವಾಡವನ್ನು ಕವಿಗಳ ಊರೆಂದು ಹೊಗಳುವಾಗ ಈ ಒಲೆಗಳನ್ನೂ ನೆನೆದರೆ ಹೊಗಳಿಕೆ ಪೂರ್ತಿಯಾದೀತು.

1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಗೆ ಸೇರಿದ ಅಂಬೇಡ್ಕರರು ಆ ವರ್ಷದ ಅಕ್ಟೋಬರಿನಲ್ಲೇ ವೈಸರಾಯ್ ಲಿನ್‌ಲಿತ್‌ಗೋಗೆ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಮನವಿ ಸಲ್ಲಿಸಿದರು. ಬನಾರಸ್ ಮತ್ತು ಅಲಿಗಢ ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರ್ಕಾರ ವರ್ಷಕ್ಕೆ ತಲಾ 3 ಲಕ್ಷ ರೂಪಾಯಿ ಕೊಡುವುದಾದರೆ ಪರಿಶಿಷ್ಟರ ಉನ್ನತ ಶಿಕ್ಷಣಕ್ಕೆ ಏಕೆ ಕೊಡಬಾರದು ಎಂಬುದು ಅವರ ನೇರ ಪ್ರಶ್ನೆ. 1944ರಲ್ಲಿ 3 ಲಕ್ಷದೊಂದಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. 1948ರಲ್ಲಿ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ನಮ್ಮ ಕಾಲೇಜು ಆಫೀಸುಗಳಲ್ಲಿ ಹುಡುಗರು ಸ್ಕಾಲರ್‌ಶಿಪ್ ಬಂತಾ ಸರ್ ಎಂದು ಈಗಲೂ ಕೇಳುತ್ತಾರಲ್ಲ, ಆ ಸ್ಕಾಲರ್‌ಶಿಪ್ಪಿನ ಬೇರು ಈ ಮನವಿಯಲ್ಲಿದೆ. ಸಂವಿಧಾನಕ್ಕಿಂತ ಆರು ವರ್ಷ ಹಿರಿದು ಅದು.

ಸ್ವಾತಂತ್ರ್ಯದ ನಂತರ ಕಥೆ ಕೋರ್ಟಿನ ಅಂಗಳಕ್ಕೆ ಹೋಯಿತು. 1951ರಲ್ಲಿ ಮದರಾಸಿನ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜಾತಿವಾರು ಸೀಟು ಹಂಚಿಕೆಯನ್ನು ರದ್ದು ಮಾಡಿತು. ಅದೇ ವರ್ಷ ಮೊದಲ ತಿದ್ದುಪಡಿ ಬಂದು 15ನೆಯ ವಿಧಿಗೆ ನಾಲ್ಕನೆಯ ಉಪವಿಧಿ ಸೇರಿತು. ಆ ಉಪವಿಧಿಯ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ರಾಜ್ಯದಲ್ಲಿ.

1958ರಲ್ಲಿ ಮೈಸೂರು ಸರ್ಕಾರ ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲರೂ ಹಿಂದುಳಿದವರೆಂದು ಆದೇಶ ಹೊರಡಿಸಿ, ಹೈಕೋರ್ಟಿನಲ್ಲಿ ಸೋತಿತು. 1960ರಲ್ಲಿ ಡಾ. ಆರ್. ನಾಗನಗೌಡರ ಸಮಿತಿ ನೇಮಕವಾಯಿತು. ಅವರ ಮುಂದಿದ್ದ ಪ್ರಶ್ನೆ, ಹಿಂದುಳಿದಿರುವುದನ್ನು ಅಳೆಯುವುದು ಹೇಗೆ ಎಂಬುದು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವ ಮಕ್ಕಳನ್ನು ಲೆಕ್ಕ ಹಾಕಿದರು. ಇಡೀ ರಾಜ್ಯದ ಸರಾಸರಿ ಸಾವಿರ ಜನಕ್ಕೆ 6.9 ಮಕ್ಕಳು. ಅದಕ್ಕಿಂತ ಕೆಳಗಿದ್ದ ಸಮುದಾಯ ಹಿಂದುಳಿದದ್ದು, ಅದರ ಅರ್ಧಕ್ಕೂ ಮುಟ್ಟದ್ದು ಹೆಚ್ಚು ಹಿಂದುಳಿದದ್ದು. ಆ ಸಂಖ್ಯೆಯನ್ನು ಇನ್ನೊಮ್ಮೆ ಓದಬೇಕು. ಸ್ವಾತಂತ್ರ್ಯ ಬಂದು ಹದಿಮೂರು ವರ್ಷವಾದರೂ ಸಾವಿರ ಜನರ ಊರಿನಲ್ಲಿ ಹೈಸ್ಕೂಲಿನ ಮೇಲಿನ ತರಗತಿಗೆ ತಲುಪಿದ ಮಕ್ಕಳು ಏಳಕ್ಕೂ ಕಡಿಮೆ. ವೈದ್ಯಕೀಯ ಕಾಲೇಜಿನ ಬಾಗಿಲಲ್ಲಿ ಯಾರಿಗೆ ಎಷ್ಟು ಸೀಟು ಎಂಬ ಜಗಳ ನಡೆಯುತ್ತಿದ್ದಾಗ ಬಹುತೇಕ ಮಕ್ಕಳು ಆ ಬಾಗಿಲಿಗೆ ಹೋಗುವ ದಾರಿಯಲ್ಲೇ ನಿಂತುಹೋಗಿದ್ದರು.

1962ರ ಜುಲೈ 31ರ ಆದೇಶ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3, ಒಟ್ಟು 68 ಸೀಟು ಮೀಸಲಿಟ್ಟಿತು. ಸೀಟು ಸಿಗದ ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 28ರಂದು, ಎಂ.ಆರ್. ಬಾಲಾಜಿ ಪ್ರಕರಣದ ತೀರ್ಪು ಬಂತು. ಜಾತಿಯೊಂದೇ ಅಳತೆಗೋಲಾಗಬಾರದು, ಮೀಸಲು ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಎಂದು ಪೀಠ ಹೇಳಿತು. ಇಂದಿಗೂ ದೇಶ ಚರ್ಚಿಸುವ ನೂರಕ್ಕೆ ಐವತ್ತರ ಗೆರೆ ಹೀಗೆ ಮೈಸೂರಿನ ಪ್ರಕರಣದಲ್ಲಿ ಎಳೆದದ್ದು. ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಹೆಸರಿನಲ್ಲೇ ನಮ್ಮ ಗಜೇಂದ್ರಗಡ ಇದೆ. ಅವರು 1918ರಿಂದ ಎರಡು ವರ್ಷ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು.

ಸರ್ಕಾರ ಮರುವರ್ಷ ಜಾತಿಯ ಬದಲು ಕಸುಬು, ಆದಾಯಗಳನ್ನು ಹಿಡಿಯಿತು. ವರ್ಷಕ್ಕೆ 1,200 ರೂಪಾಯಿಯ ಒಳಗೆ ಆದಾಯ ಇದ್ದು ರೈತ, ಕುಶಲಕರ್ಮಿ, ಸಣ್ಣ ವ್ಯಾಪಾರಿ ಮೊದಲಾದ ಕಸುಬಿನವರಾದರೆ ಹಿಂದುಳಿದವರು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಆದರೆ ಆದಾಯದ ಪತ್ರ ಯಾರು ಬೇಕಾದರೂ ತರಬಹುದು. ಪತ್ರ ಹೊಂದಿಸುವ ಬಲ ಇದ್ದವರಿಗೇ ಅದು ಸುಲಭ, ಕ್ಷೌರಿಕನ ಮಗನಿಗೆ, ಅಗಸರ ಮಗನಿಗೆ ಅಲ್ಲ. ಅವರು ಈ ಲೆಕ್ಕದಲ್ಲೂ ಹಿಂದೆಯೇ ಉಳಿದರು.

ಅವರನ್ನು ಹುಡುಕಿಕೊಂಡು ಹೋದದ್ದು ದೇವರಾಜ ಅರಸರ ಸರ್ಕಾರ. 1972ರ ಆಗಸ್ಟಿನಲ್ಲಿ ನೇಮಕವಾದ ಎಲ್.ಜಿ. ಹಾವನೂರ ಆಯೋಗ ಹಳ್ಳಿ ಹಳ್ಳಿ ಸುತ್ತಿ, ಯಾವ ಪಟ್ಟಿಯಲ್ಲೂ ಸರಿಯಾಗಿ ಕಾಣದಿದ್ದ ಸಣ್ಣ ಸಣ್ಣ ಜಾತಿಗಳ, ಅಲೆಮಾರಿಗಳ ಸ್ಥಿತಿ ಬರೆದುಕೊಂಡು 1975ರ ನವೆಂಬರಿನಲ್ಲಿ ವರದಿ ಒಪ್ಪಿಸಿತು. 1977ರ ಫೆಬ್ರುವರಿಯಲ್ಲಿ ಅದರ ಆಧಾರದ ಮೇಲೆ ಮೀಸಲಾತಿಯ ಆದೇಶ ಹೊರಬಿತ್ತು. ಅದೇ ಕಾಲಕ್ಕೆ ಹಿಂದುಳಿದ ವರ್ಗಗಳಿಗೆಂದು ಪ್ರತ್ಯೇಕ ಇಲಾಖೆ ಹುಟ್ಟಿತು. ಜನರ ಬಾಯಲ್ಲಿ ಬಿ.ಸಿ.ಎಂ. ಹಾಸ್ಟೆಲು ಎಂದೇ ಹೆಸರಾದ ನಿಲಯಗಳು ತಾಲೂಕು ತಾಲೂಕಿನಲ್ಲಿ ಬಂದವು. ಶಾಹು ಒಂದು ನಗರದಲ್ಲಿ ಮಾಡಿದ್ದನ್ನು ಒಂದು ರಾಜ್ಯ ತನ್ನ ಉದ್ದಗಲಕ್ಕೂ ಮಾಡಿತು. ಈ ಹಾಸ್ಟೆಲುಗಳಲ್ಲಿ ಮಡಿವಾಳರ, ಕುಂಬಾರರ, ಗೊಲ್ಲರ, ಉಪ್ಪಾರರ ಮಕ್ಕಳು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು. ಅರಸರ ಭೂಸುಧಾರಣೆಯ ಬಗ್ಗೆ ಬರೆದಷ್ಟು ಈ ಹಾಸ್ಟೆಲುಗಳ ಬಗ್ಗೆ ಯಾರೂ ಬರೆದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿರುವ ಕೊರಗು.

ಹಾಸ್ಟೆಲು ಬರೀ ಊಟ ಕೊಡಲಿಲ್ಲ. ಕವಿ ಸಿದ್ದಲಿಂಗಯ್ಯನವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಓದಿದವರು, ಆ ದಿನಗಳನ್ನು ‘ಊರುಕೇರಿ’ಯಲ್ಲಿ ಬರೆದಿದ್ದಾರೆ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಎಂದದ್ದಕ್ಕೆ ಗಲಭೆ ಎದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಹಳ್ಳಿಯಲ್ಲಿ ಒಬ್ಬೊಬ್ಬರೇ ಅವಮಾನ ನುಂಗಿ ಬಂದಿದ್ದ ಹುಡುಗರು ಹಾಸ್ಟೆಲಿನ ಕೋಣೆಗಳಲ್ಲಿ ಒಟ್ಟಿಗೆ ಕೂತಾಗ ತಮ್ಮ ಸಂಖ್ಯೆ ತಮಗೇ ಕಂಡಿತು. ಕೆಲವೇ ಸಮಯದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು, ಅದರ ಹಾಡು, ಕರಪತ್ರ, ಮೆರವಣಿಗೆಗಳಿಗೆಲ್ಲ ಈ ಹಾಸ್ಟೆಲುಗಳೇ ತವರು. ಕನ್ನಡ ಸಾಹಿತ್ಯದ ದಿಕ್ಕು ಬದಲಿಸಿದ ಒಂದು ತಲೆಮಾರನ್ನು ಸರ್ಕಾರದ ಮುದ್ದೆ, ಸಾರು ಸಾಕಿತು.

1980, 90ರ ದಶಕಗಳಲ್ಲಿ ಕಾಲೇಜುಗಳು ಹೆಚ್ಚಿದವು, ಹಾಸ್ಟೆಲುಗಳು ಆ ವೇಗದಲ್ಲಿ ಹೆಚ್ಚಲಿಲ್ಲ. ಅರ್ಜಿ ಹಾಕಿದ ಎಲ್ಲರಿಗೂ ಜಾಗ ಸಿಗದಾದಾಗ ಸರ್ಕಾರ 2013ರ ನಂತರ ವಿದ್ಯಾಸಿರಿ ಎಂಬ ಯೋಜನೆ ತಂದಿತು. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ಕಾಲೇಜು ವಿದ್ಯಾರ್ಥಿಗೆ ಊಟ, ವಸತಿಗೆಂದು ಶುರುವಿನಲ್ಲಿ ಕೊಟ್ಟದ್ದು ತಿಂಗಳಿಗೆ 1,500 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು. ದಿನಕ್ಕೆ 50 ರೂಪಾಯಿ. ಒಳ್ಳೆಯ ಮನಸ್ಸಿನ ಯೋಜನೆ ಇದು, ಇದರಿಂದ ಓದು ಮುಂದುವರಿಸಿದವರು ಬಹಳ ಮಂದಿ. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರಿನಲ್ಲಿ ಆ ಹಣದಲ್ಲಿ ಕೋಣೆಯ ಬಾಡಿಗೆಯೂ ಎರಡು ಹೊತ್ತಿನ ಊಟವೂ ಆಗುವುದಿಲ್ಲ. ಹಣ ಖಾತೆಗೆ ಬರುವುದು ತಡವಾದರೆ ಮೆಸ್ಸಿನವರ ಸಾಲ ಏರುತ್ತದೆ. ಶಾಹು ಕಾಲದ ಬೋರ್ಡಿಂಗಿನಲ್ಲಿ ಹುಡುಗನಿಗೆ ಸಿಗುತ್ತಿದ್ದ ಹಿರಿಯರ ಕಣ್ಣು, ಓದಿನ ಜೊತೆಗಾರರು, ದೀಪದ ಕೆಳಗಿನ ಜಾಗ, ಇವನ್ನು ಬ್ಯಾಂಕ್ ಖಾತೆಗೆ ಜಮೆ ಮಾಡಲು ಬರುವುದಿಲ್ಲ.

ಕಾಲೇಜಿನ ಸೀಟು ಹಂಚಿಕೆಯ ಪಟ್ಟಿ ಈಗ ಕಂಪ್ಯೂಟರಿನಲ್ಲಿ ಒಂದೇ ದಿನ ಬರುತ್ತದೆ. ಹಾಸ್ಟೆಲಿಗೆ ಬೇರೆ ಅರ್ಜಿ, ಬೇರೆ ಪಟ್ಟಿ, ಬೇರೆ ಕಾಯುವಿಕೆ. ತರಗತಿಗಳು ಶುರುವಾದ ಮೇಲೂ ಆ ಪಟ್ಟಿಗಾಗಿ ಕಾಯುವ ಮಕ್ಕಳಿದ್ದಾರೆ, ಕಾದು ಕಾದು ಟಿ.ಸಿ. ಹಿಡಿದು ಊರಿಗೆ ಮರಳುವವರೂ ಇದ್ದಾರೆ. ಸೀಟಿನ ಪತ್ರದಲ್ಲೇ ಹಾಸ್ಟೆಲಿನ ಹೆಸರು, ಕೋಣೆಯ ನಂಬರು ಅಚ್ಚಾಗಿ ಬರುವಂತೆ ಮಾಡಬೇಕು, ಹೆಣ್ಣುಮಕ್ಕಳಿಗಂತೂ ಮೊದಲು ಮಾಡಬೇಕು. ಎರಡೂ ಪಟ್ಟಿ ಒಂದೇ ಸರ್ಕಾರದ ಕೈಯಲ್ಲಿವೆ, ಬರುವ ಜೂನ್ ತಿಂಗಳಿನಿಂದಲೇ ಶುರುಮಾಡಬಹುದು.